ಪೆನ್ಸಿಲ್ವೇನಿಯಾ ರೈಲ್ವೆ: ಇಂಜಿನು ದೊಡ್ಡದಾಯಿತು, ಉಳಿತಾಯ ಯಾರ ಪಾಲಾಯಿತು?

(ಗಿರಣಿ ಕೆಲಸಗಾರರೂ ಪೇಟೆಯ ಸಣ್ಣ ವ್ಯಾಪಾರಿಗಳೂ ಸೇರಿದ್ದ ಓದುಕೂಟದಲ್ಲಿ ಮಾಡಿದ ಭಾಷಣ)

ಉಗಿ ಇಂಜಿನು ಎದುರಿಗೆ ಬಂದು ನಿಂತಾಗ ಮೈ ಜುಮ್ಮೆನ್ನದವರು ಕಡಮೆ. ಅದು ಉಸಿರು ಬಿಡುತ್ತದೆ, ನೀರು ಕುಡಿಯುತ್ತದೆ, ಏರು ಬಂದಾಗ ಎತ್ತಿನಂತೆ ಏದುತ್ತದೆ. ಆದ್ದರಿಂದಲೇ ರೈಲಿನ ಚರಿತ್ರೆ ಬರೆಯುವವರು ಇಂಜಿನಿನ ಗಾಲಿ ಎಷ್ಟು ಎತ್ತರ, ಅದರ ಓಟ ಎಷ್ಟು ಜೋರು ಎಂಬುದನ್ನೇ ಪುಟಗಟ್ಟಲೆ ಬರೆಯುತ್ತಾರೆ. ಅದು ತಪ್ಪಲ್ಲ. ನಾವೂ ಇಂದು ಅದನ್ನು ಹೇಳುವವರಿದ್ದೇವೆ. ಆದರೆ ಜೊತೆಗೆ ಇನ್ನೊಂದು ಲೆಕ್ಕವನ್ನೂ ಕೇಳುವವರಿದ್ದೇವೆ. ಇಂಜಿನು ದೊಡ್ಡದಾದಾಗಲೆಲ್ಲ ಕಡಮೆ ಆಳುಗಳಿಂದ, ಕಡಮೆ ಖರ್ಚಿನಲ್ಲಿ ಹೆಚ್ಚು ಸರಕು ಸಾಗುತ್ತದೆ. ಹಾಗೆ ಉಳಿದ ದುಡ್ಡು ಯಾರ ಪಾಲಾಯಿತು? ಇಂಜಿನು ನಡೆಸಿದವನಿಗೆ ಎಷ್ಟು ಸಿಕ್ಕಿತು? ಸರಕು ಕಳುಹಿಸಿದ ವ್ಯಾಪಾರಿಗೆ ಎಷ್ಟು? ಷೇರುದಾರನಿಗೆ ಎಷ್ಟು?

ಈ ಲೆಕ್ಕಕ್ಕೆ ಅಮೆರಿಕದ ಪೆನ್ಸಿಲ್ವೇನಿಯಾ ರೈಲ್ವೆ ಕಂಪನಿಗಿಂತ ಒಳ್ಳೆಯ ಉದಾಹರಣೆ ಸಿಕ್ಕುವುದು ಕಷ್ಟ. ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಸಾಗಿಸಿದ ಸರಕಿನಲ್ಲೂ ವರಮಾನದಲ್ಲೂ ಅಮೆರಿಕದ ಅತಿ ದೊಡ್ಡ ರೈಲ್ವೆ ಅದು. ಮೊದಲನೆಯ ಮಹಾಯುದ್ಧ ಮುಗಿದ ಹೊತ್ತಿಗೆ ಎರಡೂವರೆ ಲಕ್ಷಕ್ಕೂ ಹೆಚ್ಚು ಜನ ಅದರಲ್ಲಿ ದುಡಿಯುತ್ತಿದ್ದರು. ಜಗತ್ತಿನ ರೈಲ್ವೆಗಳಿಗೆಲ್ಲ ತಾನೇ ಮಾದರಿ ಎಂದು ಕಂಪನಿ ತನ್ನನ್ನು ಹೊಗಳಿಕೊಳ್ಳುತ್ತಿತ್ತು. ಅಂಥ ಕಂಪನಿ 1970ರಲ್ಲಿ ದಿವಾಳಿಯಾಯಿತು. ಅದು ಹೇಗೆ ಹುಟ್ಟಿತು, ಹೇಗೆ ಬೆಳೆಯಿತು, ಹೇಗೆ ಬಿದ್ದಿತು ಎಂಬುದನ್ನು ಕ್ರಮವಾಗಿ ನೋಡೋಣ.

ಮೊದಲ ದಾರಿ ಸರ್ಕಾರದ್ದು

1825ರಲ್ಲಿ ನ್ಯೂಯಾರ್ಕ್ ಸಂಸ್ಥಾನ ಈರಿ ಕಾಲುವೆಯನ್ನು ತೆರೆಯಿತು. ಪಶ್ಚಿಮದ ಧಾನ್ಯವೆಲ್ಲ ದೋಣಿಯೇರಿ ನ್ಯೂಯಾರ್ಕ್ ಬಂದರಿಗೆ ಹರಿಯತೊಡಗಿತು. ಪಕ್ಕದ ಪೆನ್ಸಿಲ್ವೇನಿಯಾ ಸಂಸ್ಥಾನದ ಫಿಲಡೆಲ್ಫಿಯಾ ನಗರದ ವರ್ತಕರಿಗೆ ಎದೆಯೊಡೆಯಿತು. ಅವರ ಊರಿಗೂ ಪಶ್ಚಿಮದ ಪಿಟ್ಸ್‌ಬರ್ಗ್‌ಗೂ ನಡುವೆ ಅಲಿಗೇನಿ ಬೆಟ್ಟಸಾಲು ಅಡ್ಡ ಮಲಗಿತ್ತು. ಅದನ್ನು ದಾಟುವ ದಾರಿಗೆ ಹಣ ಹಾಕಲು ಆಗ ಯಾವ ಬಂಡವಾಳಗಾರನೂ ಮುಂದೆ ಬರಲಿಲ್ಲ. ಬಂದದ್ದು ಸಂಸ್ಥಾನದ ಸರ್ಕಾರ. 1826ರಲ್ಲಿ ಕೆಲಸ ಹಿಡಿದು, 1834ರ ಹೊತ್ತಿಗೆ ಅದು ದಾರಿಯನ್ನು ಮುಗಿಸಿತು.

ಆ ದಾರಿ ವಿಚಿತ್ರವಾದದ್ದು. ಮೊದಲು ರೈಲು, ಆಮೇಲೆ ಕಾಲುವೆ, ನಡುವೆ ಬೆಟ್ಟ ಹತ್ತಲು 36 ಮೈಲಿಯ ಇನ್ನೊಂದು ರೈಲು, ಮತ್ತೆ ಕಾಲುವೆ. ಬೆಟ್ಟದ ಮೇಲೆ 10 ಇಳಿಜಾರುಗಳು. ಪ್ರತಿಯೊಂದರ ತುದಿಯಲ್ಲೂ ನಿಂತಲ್ಲೇ ನಿಂತ ಒಂದು ಉಗಿ ಯಂತ್ರ. ಅದು ಬಾವಿಯಿಂದ ಕೊಡ ಎಳೆದಂತೆ ಹಗ್ಗದಿಂದ ಗಾಡಿಗಳನ್ನು ಮೇಲಕ್ಕೆ ಎಳೆಯುತ್ತಿತ್ತು. ಚಳಿಗಾಲದಲ್ಲಿ ಕಾಲುವೆ ಹೆಪ್ಪುಗಟ್ಟಿ ದಾರಿ ಮುಚ್ಚಿಹೋಗುತ್ತಿತ್ತು. ಇಷ್ಟೆಲ್ಲ ತೊಡಕಿದ್ದರೂ ವಾರಗಟ್ಟಲೆ ಹಿಡಿಯುತ್ತಿದ್ದ ಪಯಣ ನಾಲ್ಕೈದು ದಿನಕ್ಕೆ ಇಳಿಯಿತು.

ಬೆಟ್ಟದ ಆಚೆ ವ್ಯಾಪಾರ ಇದೆ, ಲಾಭ ಇದೆ ಎಂಬುದು ಹೀಗೆ ಜನರ ದುಡ್ಡಿನಲ್ಲಿ ರುಜುವಾತಾದ ಮೇಲೆ, 1846ರ ಏಪ್ರಿಲ್ 13ರಂದು ಪೆನ್ಸಿಲ್ವೇನಿಯಾ ರೈಲ್ವೆ ಕಂಪನಿಗೆ ಸನ್ನದು ಸಿಕ್ಕಿತು. ಆಗಲೂ ಶುರುವಿನ ಷೇರುಗಳಲ್ಲಿ ದೊಡ್ಡ ಪಾಲನ್ನು ಕೊಂಡದ್ದು ಫಿಲಡೆಲ್ಫಿಯಾ ನಗರಸಭೆ, ಅಂದರೆ ತೆರಿಗೆ ಕೊಡುವ ನಾಗರಿಕರು. 1857ರಲ್ಲಿ ಸರ್ಕಾರವು ತನ್ನ ಹಳೆಯ ದಾರಿಯನ್ನೆಲ್ಲ ಈ ಕಂಪನಿಗೆ 75 ಲಕ್ಷ ಡಾಲರಿಗೆ ಮಾರಿತು. ಕಟ್ಟಲು ಆಗಿದ್ದ ಖರ್ಚಿಗಿಂತ ಇದು ಬಹಳ ಕಡಮೆ. ಕಷ್ಟದ ಕಾಲದಲ್ಲಿ ಸಾರ್ವಜನಿಕರ ಹಣ, ಫಲ ಬರುವ ಕಾಲಕ್ಕೆ ಖಾಸಗಿ ಒಡೆತನ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಇದು ಮತ್ತೆ ಬರುತ್ತದೆ.

ಕುದುರೆ ಲಾಳದ ತಿರುವು

ಕಂಪನಿಯ ಮೊದಲ ಮುಖ್ಯ ಇಂಜಿನಿಯರು, ಮುಂದೆ 1852ರಿಂದ 1874ರವರೆಗೆ ಅಧ್ಯಕ್ಷ, ಜೆ. ಎಡ್ಗರ್ ಥಾಮ್ಸನ್. ಈತನ ಜಾಣತನಕ್ಕೆ ಸಲ್ಲಬೇಕಾದ ಗೌರವವನ್ನು ಸಲ್ಲಿಸಲೇಬೇಕು. ಹಗ್ಗದಿಂದ ಎಳೆಯುವ ಬದಲು ಇಂಜಿನು ತಾನೇ ಹತ್ತಿಹೋಗುವಂತೆ ಆತ ಬೆಟ್ಟದ ಮೈಗೆ ದಾರಿಯನ್ನು ಸುತ್ತಿಸಿದ. ಅಲ್ಟೂನಾ ಊರಿನ ಪಶ್ಚಿಮಕ್ಕೆ ಒಂದು ಕಣಿವೆಯ ಮೂತಿಯಲ್ಲಿ ಹಳಿ ಕುದುರೆಯ ಲಾಳದ ಆಕಾರದಲ್ಲಿ ತಿರುಗಿ ಎದುರುಬದಿಗೆ ಬರುತ್ತದೆ. ಉದ್ದನೆಯ ರೈಲು ಅಲ್ಲಿ ತಿರುಗುವಾಗ ಕೊನೆಯ ಡಬ್ಬಿಯವನಿಗೆ ತನ್ನ ಇಂಜಿನು ಎದುರುಗಡೆ ಹೋಗುತ್ತಿರುವುದು ಕಾಣುತ್ತದೆ. ಐರ್ಲೆಂಡಿನಿಂದ ಹೊಟ್ಟೆಪಾಡಿಗೆ ಬಂದ ಕೂಲಿಕಾರರು ಹೆಚ್ಚಾಗಿ ಪಿಕಾಸಿ, ಸಲಿಕೆ, ಸಿಡಿಮದ್ದುಗಳಿಂದಲೇ ಇದನ್ನು ಕಡಿದರು. 1854ರ ಫೆಬ್ರವರಿ 15ರಂದು ತೆರೆದ ಈ ತಿರುವಿನಲ್ಲಿ ಇಂದಿಗೂ ರೈಲು ಓಡುತ್ತಿದೆ.

ಅಲ್ಟೂನಾ ಊರನ್ನು ಹುಟ್ಟಿಸಿದ್ದೇ ಈ ಕಂಪನಿ. ಬೆಟ್ಟದ ಬುಡದಲ್ಲಿ ಇಂಜಿನು ರಿಪೇರಿಗೆ ಜಾಗ ಬೇಕಾಗಿತ್ತು. 1850ರ ಸುಮಾರಿಗೆ ಕಾರಖಾನೆ ಬಂತು, ಕಾರಖಾನೆಯ ಸುತ್ತ ಊರು ಬಂತು. ಮುಂದಿನ ನೂರು ವರ್ಷದಲ್ಲಿ ಅಲ್ಲಿನ ಕಮ್ಮಾರರು, ಬಾಯ್ಲರು ಕೆಲಸದವರು, ಫಿಟ್ಟರುಗಳು ಆರು ಸಾವಿರಕ್ಕೂ ಹೆಚ್ಚು ಇಂಜಿನುಗಳನ್ನು ಕಟ್ಟಿದರು. ಉಳಿದ ರೈಲ್ವೆಗಳು ಹೆಚ್ಚಾಗಿ ಹೊರಗಿನಿಂದ ಇಂಜಿನು ಕೊಳ್ಳುತ್ತಿದ್ದ ಕಾಲದಲ್ಲಿ ಈ ಕಂಪನಿ ತನ್ನದನ್ನು ತಾನೇ ಮಾಡಿಕೊಂಡಿತು. 1860ರ ದಶಕದ ಕೊನೆಯಲ್ಲಿ ಅದು ಇಂಜಿನುಗಳನ್ನು ಕೆಲವೇ ವರ್ಗಗಳಾಗಿ ಗೊತ್ತುಮಾಡಿ, ಒಂದರ ಭಾಗ ಇನ್ನೊಂದಕ್ಕೆ ಕೂರುವಂತೆ ಮಾಡಿತು. ಗಿರಣಿಯಲ್ಲಿ ಕೆಲಸ ಮಾಡುವ ನಿಮಗೆ ಇದರ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ. ಯಂತ್ರಕ್ಕೊಂದು ಬಗೆಯ ಬಿಡಿಭಾಗ ಬೇಕಾದರೆ ಉಗ್ರಾಣವೂ ಸಾಲದು, ಹೊತ್ತೂ ಸಾಲದು.

ವ್ಯಾಪಾರಿಗೆ ಕಟ್ಟಿದ ಬಲೆ

ಈಗ ಅಂಗಡಿ ನಡೆಸುವ ಮಿತ್ರರು ಸ್ವಲ್ಪ ಕಿವಿಗೊಡಬೇಕು. ರೈಲಿನ ಬಾಡಿಗೆ ಎಂಬುದು ವ್ಯಾಪಾರಿಯ ಕುತ್ತಿಗೆಯ ಹಗ್ಗವಾಗಬಲ್ಲದು ಎಂಬುದನ್ನು 1872ರ ಸಂಗತಿ ತೋರಿಸುತ್ತದೆ.

ಪೆನ್ಸಿಲ್ವೇನಿಯಾ ಸಂಸ್ಥಾನದ ಪಶ್ಚಿಮ ಭಾಗದಲ್ಲಿ ಕಲ್ಲೆಣ್ಣೆ ಸಿಕ್ಕಿತ್ತು. ಅದನ್ನು ಶುದ್ಧಿಮಾಡುವ ಸಣ್ಣಸಣ್ಣ ಕಾರಖಾನೆಗಳು ಎಷ್ಟೋ ಇದ್ದವು. ಪೆನ್ಸಿಲ್ವೇನಿಯಾ ರೈಲ್ವೆಯ ಉಪಾಧ್ಯಕ್ಷ ಟಾಮ್ ಸ್ಕಾಟ್, ಇನ್ನೆರಡು ರೈಲ್ವೆಗಳು ಮತ್ತು ರಾಕ್‌ಫೆಲರನೂ ಸೇರಿದಂತೆ ಕೆಲವು ದೊಡ್ಡ ಎಣ್ಣೆ ಧಣಿಗಳು ಕೂಡಿ ಸೌತ್ ಇಂಪ್ರೂವ್‌ಮೆಂಟ್ ಕಂಪನಿ ಎಂಬ ಗುಪ್ತ ಕೂಟವನ್ನು ಕಟ್ಟಿದರು. ಒಪ್ಪಂದ ಹೀಗಿತ್ತು: ಎಲ್ಲರಿಗೂ ಬಾಡಿಗೆ ಏರಿಸುವುದು, ಆದರೆ ಕೂಟದವರು ಕ್ಲೀವ್‌ಲೆಂಡಿಗೆ ಸಾಗಿಸುವ ಪ್ರತಿ ಪೀಪಾಯಿಗೆ 40 ಸೆಂಟು ಹಿಂದಕ್ಕೆ ಕೊಡುವುದು. ಇಷ್ಟೇ ಆಗಿದ್ದರೆ ದೊಡ್ಡ ಗಿರಾಕಿಗೆ ಸೋಡಿ ಎನ್ನಬಹುದಾಗಿತ್ತು. ಆದರೆ ಮುಂದಿನ ಷರತ್ತು ಕೇಳಿ. ಕೂಟದ ಹೊರಗಿನವರು ಸಾಗಿಸುವ ಪ್ರತಿ ಪೀಪಾಯಿಯ ಬಾಡಿಗೆಯಿಂದಲೂ 40 ಸೆಂಟನ್ನು ಕೂಟದವರಿಗೇ ಕೊಡತಕ್ಕದ್ದು! ಅಂದರೆ ಸಣ್ಣ ವ್ಯಾಪಾರಿ ತನ್ನ ಸರಕಿಗೆ ಕಟ್ಟಿದ ಬಾಡಿಗೆ, ಅವನನ್ನು ಮುಳುಗಿಸಲು ನಿಂತ ಎದುರಾಳಿಯ ಜೇಬಿಗೆ ಹೋಗಬೇಕು.

ಗುಟ್ಟು ಹೊರಬಿತ್ತು. ಎಣ್ಣೆ ಬಾವಿಗಳ ಊರುಗಳಲ್ಲಿ ಜನ ಸಭೆ ಸೇರಿದರು. ಕೂಟದವರಿಗೆ ಎಣ್ಣೆ ಮಾರುವುದಿಲ್ಲವೆಂದು ಬಾವಿಗಳ ಒಡೆಯರು ಕಟ್ಟು ಮಾಡಿದರು. ಕೆಲವೇ ವಾರಗಳಲ್ಲಿ ರೈಲ್ವೆಗಳು ಮಣಿದವು. ಏಪ್ರಿಲಿನಲ್ಲಿ ಸಂಸ್ಥಾನದ ಶಾಸನಸಭೆ ಆ ಕೂಟದ ಸನ್ನದನ್ನೇ ರದ್ದುಮಾಡಿತು. ಆದರೆ ಆ ಹೆದರಿಕೆಯ ವಾರಗಳಲ್ಲೇ ಕ್ಲೀವ್‌ಲೆಂಡ್ ನಗರದಲ್ಲಿ ರಾಕ್‌ಫೆಲರನಿಗೆ ಎದುರಾಗಿದ್ದ 26 ಎಣ್ಣೆ ಕಾರಖಾನೆಗಳಲ್ಲಿ 22 ಅವನ ಕೈಸೇರಿಬಿಟ್ಟಿದ್ದವು. ಕದ್ದುಮುಚ್ಚಿ ಬಾಡಿಗೆ ಬಿಡುವ ಈ ಪದ್ಧತಿಯ ಮೇಲೆ ಕೇಂದ್ರ ಸರ್ಕಾರ ಕಾನೂನು ಮಾಡಿದ್ದು 1887ರಲ್ಲಿ. ಅದಕ್ಕೆ ಹಲ್ಲು ಬರಲು 1903ರ ಇನ್ನೊಂದು ಕಾನೂನು ಬೇಕಾಯಿತು.

ಎರಡು ಇಂಜಿನು, ಒಂದೇ ತಂಡ

1873ರಲ್ಲಿ ಅಮೆರಿಕದಲ್ಲಿ ದೊಡ್ಡ ಆರ್ಥಿಕ ಮುಗ್ಗಟ್ಟು ಬಂತು. ಕಂಪನಿ ಕೂಲಿಯನ್ನು ಶೇಕಡಾ 10 ಇಳಿಸಿತು. 1877ರ ಜೂನ್ 1ರಿಂದ ಮತ್ತೆ ಶೇಕಡಾ 10. ಆದರೆ ಷೇರುದಾರರ ಲಾಭಾಂಶ ನಿಲ್ಲಲಿಲ್ಲ. ಜನ ಇದನ್ನೂ ನುಂಗಿಕೊಂಡರು. ಜುಲೈ 19ರಂದು ಪಿಟ್ಸ್‌ಬರ್ಗ್‌ನಲ್ಲಿ ಇನ್ನೊಂದು ಹುಕುಂ ಹೊರಟಿತು. ಪೂರ್ವಕ್ಕೆ ಹೋಗುವ ಸರಕು ರೈಲುಗಳಿಗೆಲ್ಲ ಎರಡು ಇಂಜಿನು ಕಟ್ಟಿ, ಡಬ್ಬಿಗಳನ್ನು ಇಮ್ಮಡಿ ಮಾಡಿ 36ಕ್ಕೆ ಏರಿಸಬೇಕು, ಗಾರ್ಡು ಮತ್ತು ಬ್ರೇಕ್‌ಮನ್‌ಗಳ ತಂಡ ಮಾತ್ರ ಒಂದೇ ಇರಬೇಕು.

ಇದರ ಅರ್ಥವೇನು? ಆಗ ಸರಕು ಡಬ್ಬಿಗಳಿಗೆ ಗಾಳಿಯ ಬ್ರೇಕು ಇರಲಿಲ್ಲ. ವೆಸ್ಟಿಂಗ್‌ಹೌಸ್ ಅದನ್ನು 1869ರಲ್ಲೇ ಕಂಡುಹಿಡಿದಿದ್ದ, ಪ್ರಯಾಣಿಕರ ರೈಲಿಗೆ ಅದು ಬಂದೂ ಇತ್ತು. ಸರಕು ರೈಲಿನಲ್ಲಿ ಮಾತ್ರ ಬ್ರೇಕ್‌ಮನ್ ಡಬ್ಬಿಗಳ ನೆತ್ತಿಯ ಮೇಲೆ ಓಡುತ್ತ, ಮಳೆಯಿರಲಿ ಮಂಜಿರಲಿ, ಒಂದೊಂದರ ಚಕ್ರವನ್ನು ಕೈಯಿಂದ ತಿರುಗಿಸಿ ಬಿಗಿಯಬೇಕಾಗಿತ್ತು. ಡಬ್ಬಿ ಜೋಡಿಸುವಾಗ ಬೆರಳು ಕಳೆದುಕೊಂಡವರಿಗೆ ಲೆಕ್ಕವಿರಲಿಲ್ಲ. ಅಂಥ ಕೆಲಸದಲ್ಲಿ ಡಬ್ಬಿ ಇಮ್ಮಡಿಯಾಗಿ ಆಳು ಅಷ್ಟೇ ಉಳಿದರೆ ಅಪಾಯವೂ ಇಮ್ಮಡಿ. ಜೊತೆಗೆ ಅರ್ಧದಷ್ಟು ಜನರಿಗೆ ಕೆಲಸವೇ ಇಲ್ಲ. ಆ ಬೆಳಿಗ್ಗೆ ಕೆಲಸಗಾರರು ರೈಲು ಹೊರಡಿಸಲು ಒಪ್ಪಲಿಲ್ಲ. ಊರಿನ ಗಿರಣಿಗಳ ಜನ, ಹೆಂಗಸರು, ಮಕ್ಕಳು ಅವರ ಜೊತೆ ಹಳಿಯ ಮೇಲೆ ನಿಂತರು. ರೈಲ್ವೆಯ ಬಾಡಿಗೆಯಿಂದ ನೊಂದಿದ್ದ ಅಂಗಡಿಕಾರರ ಅನುಕಂಪವೂ ಮುಷ್ಕರದ ಕಡೆಗೇ ಇತ್ತು.

ಊರಿನ ಸೈನಿಕ ದಳದವರು ತಮ್ಮ ನೆರೆಹೊರೆಯವರ ಮೇಲೆ ಬಂದೂಕು ಎತ್ತಲಿಲ್ಲ. ಆದ್ದರಿಂದ ಫಿಲಡೆಲ್ಫಿಯಾದಿಂದ ಬೇರೆ ದಳವನ್ನು ಕರೆಸಿದರು. ಜುಲೈ 21ರಂದು ಅವರು ಗುಂಡು ಹಾರಿಸಿದರು. ಸುಮಾರು 20 ಜನ ಸತ್ತರು. ಅಂದು ರಾತ್ರಿ ರೈಲ್ವೆಯ ಅಂಗಳಕ್ಕೆ ಬೆಂಕಿ ಬಿತ್ತು. ಬೆಳಗಾಗುವಷ್ಟರಲ್ಲಿ ಇಂಜಿನು ಮನೆಗಳು ಸುಡುತ್ತಿದ್ದವು. 104 ಇಂಜಿನುಗಳು, ಸಾವಿರಕ್ಕೂ ಮಿಕ್ಕಿ ಸರಕು ಡಬ್ಬಿಗಳು ಹಾಳಾದವು. ಕೊನೆಗೆ ಕೇಂದ್ರದ ಸೈನ್ಯ ಬಂದು ಮುಷ್ಕರ ಮುರಿಯಿತು. ಸುಟ್ಟದ್ದಕ್ಕೆ ಪರಿಹಾರವನ್ನು ಅಲಿಗೇನಿ ಕೌಂಟಿ, ಅಂದರೆ ಆ ಜಿಲ್ಲೆಯ ತೆರಿಗೆದಾರರು, ಕೊಡಬೇಕಾಯಿತು.

ತಾವೇ ದುಡಿದು ಹೊಳಪು ಕೊಟ್ಟ ಇಂಜಿನು ಸುಡುವುದನ್ನು ನೋಡಿ ಯಾವ ಕೆಲಸಗಾರನಿಗೂ ಸಂತೋಷವಾಗುವುದಿಲ್ಲ. ಅಲ್ಲಿನ ಜಗಳ ಇಂಜಿನಿನ ಮೇಲಲ್ಲ. ಎರಡನೆಯ ಇಂಜಿನಿನಿಂದ ಬರುವ ಉಳಿತಾಯವೆಲ್ಲ ಒಂದೇ ಕಡೆಗೆ ಹೋಗುವುದರ ಮೇಲೆ. ಸರಕು ರೈಲಿಗೂ ಗಾಳಿಯ ಬ್ರೇಕು, ತಾನೇ ಸಿಕ್ಕಿಕೊಳ್ಳುವ ಕೊಂಡಿ ಇರಲೇಬೇಕೆಂದು ಕಾನೂನಾದದ್ದು 1893ರಲ್ಲಿ. ಯಂತ್ರ ಸಿದ್ಧವಿದ್ದರೂ ಅದು ಕೆಲಸಗಾರನ ಜೀವ ಉಳಿಸಲು 24 ವರ್ಷ ಮತ್ತು ಒಂದು ಕಾನೂನು ಬೇಕಾಯಿತು.

ಅಲ್ಟೂನಾದ ಇಂಜಿನುಗಳು

ಇನ್ನು ಇಂಜಿನುಗಳ ವೈಭವದ ಕಾಲಕ್ಕೆ ಬರೋಣ. 1904ರ ಸೇಂಟ್ ಲೂಯಿ ವಸ್ತುಪ್ರದರ್ಶನದಲ್ಲಿ ಈ ಕಂಪನಿ ಒಂದು ಪರೀಕ್ಷಾ ಮಂಚವನ್ನು ಇಟ್ಟಿತ್ತು, ಆಮೇಲೆ ಅದನ್ನು ಅಲ್ಟೂನಾಕ್ಕೆ ತಂದಿತು. ಇಂಜಿನಿನ ಗಾಲಿಗಳ ಕೆಳಗೆ ಉರುಳೆಗಳು. ಇಂಜಿನು ಪೂರ್ತಿ ವೇಗದಲ್ಲಿ ಓಡುತ್ತಿದ್ದರೂ ಇದ್ದಲ್ಲಿಂದ ಒಂದಂಗುಲ ಸರಿಯುವುದಿಲ್ಲ. ಕಲ್ಲಿದ್ದಲು ಎಷ್ಟು ತಿಂದಿತು, ನೀರು ಎಷ್ಟು ಕುಡಿಯಿತು, ಎಷ್ಟು ಎಳೆಯಿತು ಎಂಬುದನ್ನು ತೂಕಹಾಕಿ ಬರೆದುಕೊಳ್ಳಬಹುದು.

ಈ ಅಭ್ಯಾಸದ ಫಲವೇ 1914ರ ಕೆ-4 ಇಂಜಿನು. ಮುಂದೆ 4 ಸಣ್ಣ ಗಾಲಿ, ನಡುವೆ 6 ದೊಡ್ಡ ಗಾಲಿ, ಹಿಂದೆ 2. ದೊಡ್ಡ ಗಾಲಿಯ ಎತ್ತರ 80 ಅಂಗುಲ, ಆಳಿಗಿಂತ ಎತ್ತರ. ಒಟ್ಟು 425 ಇಂಜಿನುಗಳಾದವು. ಅದರಲ್ಲಿ 350 ಅಲ್ಟೂನಾದವು, 75 ಬಾಲ್ಡ್‌ವಿನ್ ಕಾರಖಾನೆಯವು. ಈ ಬಾಲ್ಡ್‌ವಿನ್ ನಮ್ಮ ದೇಶಕ್ಕೂ ಹೊಸಬನಲ್ಲ. 1947ರಲ್ಲಿ ಭಾರತಕ್ಕೆ ಡಬ್ಲ್ಯು.ಪಿ. ವರ್ಗದ ಮೊದಲ 16 ಇಂಜಿನುಗಳನ್ನು ಕಟ್ಟಿಕೊಟ್ಟದ್ದು ಅದೇ ಕಾರಖಾನೆ. ಗಾಲಿಗಳ ಜೋಡಣೆಯೂ ಅದೇ ನಾಲ್ಕು-ಆರು-ಎರಡು. ಪೆನ್ಸಿಲ್ವೇನಿಯಾದಲ್ಲಿ ರೈಲು ನಿಲ್ಲದೆ ಓಡಲೆಂದು ಹಳಿಗಳ ನಡುವೆ ಉದ್ದನೆಯ ನೀರಿನ ತೊಟ್ಟಿಗಳನ್ನು ಮಾಡಿದ್ದರು. ಓಡುವ ಇಂಜಿನು ಕೆಳಗೆ ಒಂದು ಸೌಟನ್ನು ಇಳಿಸಿ ನೀರು ಬಾಚಿಕೊಂಡು ಹೋಗುತ್ತಿತ್ತು.

ಈ ಎಲ್ಲ ಜಾಣತನದ ನಡುವೆ ಒಂದು ಸಂಗತಿ ನೋಡಿ. ಇಂಜಿನಿನ ಒಲೆಗೆ ಕಲ್ಲಿದ್ದಲು ತಾನೇ ಬೀಳುವ ಯಂತ್ರ ಬಹಳ ಹಿಂದೆಯೇ ಬಂದಿತ್ತು. ಆದರೂ ಕೆ-4 ಇಂಜಿನಿನಲ್ಲಿ ಫೈರ್‌ಮನ್ ಒಬ್ಬನೇ ಸಲಿಕೆ ಹಿಡಿದು ಟನ್ನುಗಟ್ಟಲೆ ಕಲ್ಲಿದ್ದಲು ಎಸೆಯುತ್ತಿದ್ದ. 1930ರ ದಶಕದಲ್ಲಿ ಕೇಂದ್ರದ ವಾಣಿಜ್ಯ ಆಯೋಗ ಕಟ್ಟುನಿಟ್ಟು ಮಾಡಿದ ಮೇಲೆಯೇ ಆ ಯಂತ್ರ ಅದಕ್ಕೆ ಬಂದದ್ದು. ಫೈರ್‌ಮನ್ನನ ಸೊಂಟ ಕಂಪನಿಯ ಲೆಕ್ಕಪುಸ್ತಕದಲ್ಲಿ ಬರುತ್ತಿರಲಿಲ್ಲ.

ಕಾರಖಾನೆಯವರ ಪಾಡೂ ಹೀಗೆಯೇ. ಮಹಾಯುದ್ಧದಲ್ಲಿ, 1917ರ ಡಿಸೆಂಬರಿನಿಂದ 1920ರ ಫೆಬ್ರವರಿ ಕೊನೆಯವರೆಗೆ, ರೈಲ್ವೆಗಳೆಲ್ಲ ಕೇಂದ್ರ ಸರ್ಕಾರದ ಆಡಳಿತದಲ್ಲಿದ್ದವು. ಆಗ ಕಾರಖಾನೆಯವರಿಗೂ ಎಂಟು ಗಂಟೆಯ ದಿನ ಸಿಕ್ಕಿತು, ಸಂಘಗಳಿಗೆ ಮನ್ನಣೆ ಬಂತು. ಕಂಪನಿಗಳ ಕೈಗೆ ರೈಲು ಮರಳಿದ ಮೇಲೆ ಕೂಲಿ ಇಳಿಯತೊಡಗಿತು. 1922ರ ಜುಲೈ 1ರಂದು ದೇಶದಾದ್ಯಂತ ಸುಮಾರು 4 ಲಕ್ಷ ರೈಲ್ವೆ ಕಾರಖಾನೆ ಕೆಲಸಗಾರರು ಮುಷ್ಕರ ಹೂಡಿದರು. ಪೆನ್ಸಿಲ್ವೇನಿಯಾ ಕಂಪನಿ ಅವರ ಸಂಘದ ಜೊತೆ ಮಾತಾಡಲಿಲ್ಲ, ತಾನೇ ಒಂದು ಪ್ರತಿನಿಧಿ ಮಂಡಲಿಯನ್ನು ಕಟ್ಟಿ ಇದೇ ನಿಮ್ಮ ಸಂಘ ಎಂದಿತು. ಧಣಿಯೇ ಹುಟ್ಟಿಸಿ ಧಣಿಯೇ ಸಾಕುವ ಸಂಘ ಎಂಥದೆಂದು ನಿಮಗೆ ಗೊತ್ತು. 1934ರ ಕಾನೂನು ಅಂಥವನ್ನು ನಿಷೇಧಿಸಿತು.

ಇಲ್ಲಿ ಕೆಲಸಗಾರರ ಕಡೆಯ ಒಂದು ಕಪ್ಪನ್ನೂ ಮರೆಮಾಡಬಾರದು. 1916ರಿಂದ ಕಂಪನಿ ದಕ್ಷಿಣದ ಸಂಸ್ಥಾನಗಳಿಂದ ಸಾವಿರಾರು ನೀಗ್ರೋ ಕೂಲಿಕಾರರನ್ನು ಕರೆತಂದು ಹಳಿಯ ಕೆಲಸಕ್ಕೆ ಹಾಕಿತು. ಡ್ರೈವರು, ಗಾರ್ಡುಗಳ ದೊಡ್ಡ ಸಂಘಗಳು ತಮ್ಮ ನಿಯಮದಲ್ಲೇ ಬಿಳಿಯರಿಗೆ ಮಾತ್ರ ಸದಸ್ಯತ್ವ ಎಂದು ಬರೆದುಕೊಂಡಿದ್ದವು. ಅರ್ಧ ಬಾಗಿಲು ಮುಚ್ಚಿದ ಸಂಘಕ್ಕೆ ಅರ್ಧ ಬಲ ಮಾತ್ರ ಇರುತ್ತದೆ.

ವಿದ್ಯುತ್ತು, ಡೀಸೆಲ್, ದಿವಾಳಿ

1910ರಲ್ಲಿ ಕಂಪನಿ ನದಿಯ ಕೆಳಗೆ ಸುರಂಗ ಕೊರೆದು ನ್ಯೂಯಾರ್ಕ್ ನಗರದ ನಡುವೆ ಅರಮನೆಯಂಥ ನಿಲ್ದಾಣ ಕಟ್ಟಿತು. ಸುರಂಗದಲ್ಲಿ ಹೊಗೆ ತುಂಬುವುದರಿಂದ ವಿದ್ಯುತ್ ಇಂಜಿನು ಬೇಕಾಯಿತು. 1935ರ ಫೆಬ್ರವರಿಯಲ್ಲಿ ನ್ಯೂಯಾರ್ಕಿನಿಂದ ವಾಷಿಂಗ್ಟನ್ನಿನವರೆಗೂ ವಿದ್ಯುತ್ ರೈಲು ಓಡಿತು. ಕಷ್ಟದ ಆ ವರ್ಷಗಳಲ್ಲಿ ಈ ಕೆಲಸ ಮುಗಿದದ್ದು ಸರ್ಕಾರ ಕೊಟ್ಟ 7 ಕೋಟಿಗೂ ಮಿಕ್ಕಿದ ಡಾಲರು ಸಾಲದಿಂದ. ಅದಕ್ಕಾಗಿ 1934ರಿಂದ 1943ರವರೆಗೆ ಕಟ್ಟಿದ 139 ಜಿ.ಜಿ.-1 ಇಂಜಿನುಗಳು ಎಷ್ಟು ಗಟ್ಟಿಯೆಂದರೆ ಕೊನೆಯವು 1983ರವರೆಗೂ ದುಡಿದವು. ಅವನ್ನು ಕಟ್ಟಿದ ಕಂಪನಿಗಿಂತ 15 ವರ್ಷ ಹೆಚ್ಚು ಬದುಕಿದವು.

ಉಗಿಯ ಕೊನೆಯ ಆಟ ಟಿ-1 ಇಂಜಿನು. 1942ರಲ್ಲಿ 2, 1945-46ರಲ್ಲಿ 50. ನೋಡಲು ಚೂಪುಮೂತಿಯ ಸುಂದರಿ, ಓಟ ಗಂಟೆಗೆ ನೂರು ಮೈಲಿ. ಆದರೆ ಹೊರಡುವಾಗ ಗಾಲಿ ಜಾರುತ್ತಿತ್ತು, ಕವಾಟಗಳ ರಿಪೇರಿ ಮುಗಿಯುತ್ತಿರಲಿಲ್ಲ. ಕಲ್ಲಿದ್ದಲು ಸಾಗಿಸುವುದೇ ದೊಡ್ಡ ವ್ಯಾಪಾರವಾಗಿದ್ದ ಕಂಪನಿಗೆ ಕಲ್ಲಿದ್ದಲು ಬಿಡಲು ಮನಸ್ಸಿರಲಿಲ್ಲ. ಅಷ್ಟರಲ್ಲಿ ಡೀಸೆಲ್ ಬಂದುಬಿಟ್ಟಿತು. ಟಿ-1 ಇಂಜಿನುಗಳು ಹತ್ತು ವರ್ಷ ತುಂಬುವ ಮೊದಲೇ ಗುಜರಿಗೆ ಹೊರಟವು. 1957ರಲ್ಲಿ ಈ ರೈಲ್ವೆಯ ಉಗಿ ಆರಿತು.

ಡೀಸೆಲಿಗೆ ಬಾಯ್ಲರು ಇಲ್ಲ, ಒಲೆ ಇಲ್ಲ, ಬೂದಿ ಇಲ್ಲ. ಅಲ್ಟೂನಾದ ಬಾಯ್ಲರು ಕೆಲಸದವರಿಗೆ ಕೆಲಸವೂ ಇಲ್ಲ. ಹೊಸ ಇಂಜಿನುಗಳು ಹೆಚ್ಚಾಗಿ ಹೊರಗಿನ ಕಂಪನಿಗಳಿಂದ ಬಂದವು. 1963ರಲ್ಲಿ ಅಮೆರಿಕದ ಕಾಂಗ್ರೆಸ್ಸು ಫೈರ್‌ಮನ್‌ಗಳ ತಕರಾರನ್ನು ಕಡ್ಡಾಯ ಪಂಚಾಯಿತಿಗೆ ಒಪ್ಪಿಸಿತು. ಸರಕು ರೈಲಿನ ಡೀಸೆಲ್ ಇಂಜಿನುಗಳಲ್ಲಿ ಫೈರ್‌ಮನ್ನರ ಹೆಚ್ಚಿನ ಹುದ್ದೆಗಳು ಬೇಡವೆಂದು ಪಂಚರು ತೀರ್ಪಿತ್ತರು. 1877ರ ಪ್ರಶ್ನೆ ಬೇರೆ ವೇಷದಲ್ಲಿ ಮತ್ತೆ ಬಂದಿತ್ತು.

ಕಂಪನಿಯ ಕಥೆಯೂ ಮುಗಿಯುತ್ತ ಬಂದಿತ್ತು. ನೂರು ವರ್ಷಕ್ಕೂ ಮಿಕ್ಕಿ ಒಂದು ವರ್ಷವೂ ತಪ್ಪದೆ ಲಾಭಾಂಶ ಹಂಚಿದ ಈ ರೈಲ್ವೆ 1946ರಲ್ಲಿ ಮೊದಲ ಬಾರಿ ನಷ್ಟ ಕಂಡಿತು. ಸರ್ಕಾರ ಕಟ್ಟಿದ ಹೆದ್ದಾರಿಗಳ ಲಾರಿಗಳು ಸರಕನ್ನು, ವಿಮಾನಗಳು ಪ್ರಯಾಣಿಕರನ್ನು ಒಯ್ದವು ಎಂಬುದು ನಿಜ. ಆದರೆ ಹಳಿಯ ದುರಸ್ತಿಯನ್ನು ಮುಂದೂಡಿ, ಹಣವನ್ನು ಜಮೀನು, ಕೊಳವೆ ದಾರಿಗಳಂಥ ಬೇರೆ ದಂಧೆಗಳಿಗೆ ಹಾಕಿದ್ದೂ ನಿಜ. 1963ರಲ್ಲಿ ನ್ಯೂಯಾರ್ಕಿನ ಆ ಅರಮನೆಯನ್ನು ಕೆಡವಲು ತೊಡಗಿ, ಅದರ ಮೇಲಿನ ಜಾಗವನ್ನು ಕಟ್ಟಡಗಳಿಗೆ ಬಿಟ್ಟರು. 1968ರ ಫೆಬ್ರವರಿ 1ರಂದು ಕಂಪನಿ ತನ್ನ ಹಳೆಯ ವೈರಿಯಾದ ನ್ಯೂಯಾರ್ಕ್ ಸೆಂಟ್ರಲ್ ಜೊತೆ ಸೇರಿ ಪೆನ್ ಸೆಂಟ್ರಲ್ ಆಯಿತು. ರೈಲಿನಲ್ಲಿ ನಷ್ಟವಾಗುತ್ತಿದ್ದಾಗಲೂ 1969ರವರೆಗೆ ಲಾಭಾಂಶ ಹಂಚಿತು. 1970ರ ಜೂನ್ 21ರಂದು ದಿವಾಳಿ ಅರ್ಜಿ ಹಾಕಿತು. ಅಷ್ಟು ದೊಡ್ಡ ದಿವಾಳಿಯನ್ನು ಅಮೆರಿಕ ಅಲ್ಲಿಯವರೆಗೆ ಕಂಡಿರಲಿಲ್ಲ.

ರೈಲು ನಿಂತರೆ ದೇಶ ನಿಲ್ಲುತ್ತದೆ. ಪುನಃ ಸರ್ಕಾರವೇ ಬಂತು. 1971ರಲ್ಲಿ ಪ್ರಯಾಣಿಕರ ರೈಲುಗಳನ್ನು ಆಮ್‌ಟ್ರಾಕ್, 1976ರ ಏಪ್ರಿಲ್ 1ರಂದು ಸರಕು ರೈಲುಗಳನ್ನು ಕಾನ್‌ರೈಲ್ ಎಂಬ ಸರ್ಕಾರಿ ನೆರವಿನ ಸಂಸ್ಥೆಗಳು ವಹಿಸಿಕೊಂಡವು. ಕಾನ್‌ರೈಲಿಗೆ ಖಜಾನೆ ಸುಮಾರು 700 ಕೋಟಿ ಡಾಲರು ಸುರಿಯಿತು. ಹಳಿ ನೆಟ್ಟಗಾಯಿತು, 1980ರ ದಶಕದಲ್ಲಿ ಲಾಭ ಕಂಡಿತು. ಲಾಭ ಕಂಡ ಮೇಲೆ, 1987ರಲ್ಲಿ, ಅದನ್ನು ಷೇರುಪೇಟೆಯಲ್ಲಿ ಮಾರಿದರು. ಬಂದದ್ದು 200 ಕೋಟಿಗೂ ಕಡಮೆ. 1999ರಲ್ಲಿ ಎರಡು ಖಾಸಗಿ ಕಂಪನಿಗಳು ಅದನ್ನು ಹಂಚಿಕೊಂಡವು. 1857ರ ಮಾರಾಟವನ್ನು ನೆನಪಿಟ್ಟುಕೊಳ್ಳಿ ಎಂದು ಮೊದಲಲ್ಲೇ ಹೇಳಿದ್ದು ಇದಕ್ಕಾಗಿಯೇ.

ಮಿತ್ರರೇ, ಇಂಜಿನು ದೊಡ್ಡದಾದದ್ದು ಕೆಟ್ಟದ್ದಾಯಿತೆಂದು ನಾವು ಹೇಳುವುದಿಲ್ಲ. ಅದರಿಂದ ಧಾನ್ಯ ಅಗ್ಗವಾಗಿ ಸಾಗಿತು, ಊರುಗಳು ಬೆಳೆದವು. ಬ್ರೇಕ್‌ಮನ್ ಡಬ್ಬಿಯ ನೆತ್ತಿಯ ಮೇಲೆ ಓಡುವುದು ತಪ್ಪಿದ್ದೂ ಯಂತ್ರದಿಂದಲೇ. ಆದರೆ ಈ ನೂರೈವತ್ತು ವರ್ಷಗಳಲ್ಲಿ ಯಂತ್ರದ ಉಳಿತಾಯ ತಾನಾಗಿ ಕೆಲಸಗಾರನ ಮನೆಗೂ ಬರಲಿಲ್ಲ, ಸಣ್ಣ ವ್ಯಾಪಾರಿಯ ಅಂಗಡಿಗೂ ಬರಲಿಲ್ಲ. ಬಂದಾಗಲೆಲ್ಲ ಒಂದು ಸಂಘ, ಒಂದು ಸಭೆ, ಒಂದು ಕಾನೂನು ಅದನ್ನು ಹಿಡಿದು ತಂದಿದೆ. 1872ರಲ್ಲಿ ಎಣ್ಣೆಯೂರಿನ ವ್ಯಾಪಾರಿಗಳು ಒಟ್ಟಾಗಿ ನಿಂತರು, ವಾರಗಳಲ್ಲಿ ಗೆದ್ದರು. 1877ರಲ್ಲಿ ಕೆಲಸಗಾರರಿಗೆ ಗಟ್ಟಿಯಾದ ಸಂಘವಿರಲಿಲ್ಲ, ರಕ್ತ ಹರಿದರೂ ಸೋತರು.

ಕೆ-4 ಇಂಜಿನುಗಳಲ್ಲಿ ಎರಡು ಮಾತ್ರ ಈಗ ಉಳಿದಿವೆ. ಪೆನ್ಸಿಲ್ವೇನಿಯಾ ಸಂಸ್ಥಾನ 1987ರಲ್ಲಿ ಅವಕ್ಕೆ ಸಂಸ್ಥಾನದ ಅಧಿಕೃತ ಉಗಿ ಇಂಜಿನು ಎಂಬ ಗೌರವ ಕೊಟ್ಟಿತು. ಕೊಡಲಿ, ತಕ್ಕದ್ದೇ. ಆದರೆ ಹೊಸ ಯಂತ್ರ ನಮ್ಮ ಬಾಗಿಲಿಗೆ ಬಂದ ದಿನ ಅದರ ಹೊಳಪನ್ನು ನೋಡುವ ಮೊದಲು, ಇದರಿಂದ ಉಳಿಯುವ ದುಡ್ಡನ್ನು ಹಂಚುವವರು ಯಾರು, ಹಂಚುವ ಜಾಗದಲ್ಲಿ ನಾವು ಇದ್ದೇವೆಯೇ ಎಂದು ಕೇಳಿ. ಕೇಳುವಾಗ ಒಬ್ಬೊಬ್ಬರಾಗಿ ಅಲ್ಲ, ಒಟ್ಟಾಗಿ ಕೇಳಿ.